ಹಡಗಿನ ಕೆಲಸಕ್ಕೆ ಮುಂಗಡ ಕೇಳುವವರು

‘ಸಾರ್, ಕ್ರೂಸ್ ಶಿಪ್‌ನಲ್ಲಿ ಕೆಲಸ ಸಿಗುತ್ತಂತೆ, ನಿಜವಾ?’ ಈ ಅಂಕಣ ಓದುವವರು ಪತ್ರದಲ್ಲಿ, ಫೋನಿನಲ್ಲಿ, ಜ್ಞಾನಭಾರತಿ ಮೆಟ್ರೊ ನಿಲ್ದಾಣದ ಮೆಟ್ಟಿಲ ಬಳಿ ನಿಲ್ಲಿಸಿಕೊಂಡು ಕೇಳುವ ಪ್ರಶ್ನೆ ಇದು. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದ ಹುಡುಗರು ಕೇಳುತ್ತಾರೆ, ಬಿ.ಕಾಂ. ಮುಗಿಸಿ ಡೆಲಿವರಿ ಬೈಕ್ ಓಡಿಸುತ್ತಿರುವವರು ಕೇಳುತ್ತಾರೆ, ಮಗಳನ್ನು ಕಳಿಸಬಹುದೇ ಎಂದು ಅಳುಕುತ್ತಾ ತಾಯಂದಿರೂ ಕೇಳುತ್ತಾರೆ. ಕೆಲಸ ಇರುವುದು ನಿಜ. 2024ರ ಜನವರಿಯಲ್ಲಿ ಮೊದಲ ಯಾನ ಹೊರಟ ‘ಐಕಾನ್ ಆಫ್ ದ ಸೀಸ್’ ಎಂಬ ಒಂದೇ ಹಡಗಿನಲ್ಲಿ 2,300ಕ್ಕೂ ಹೆಚ್ಚು ಸಿಬ್ಬಂದಿ ಇದ್ದಾರೆ. ಇಂಥ ಹಡಗುಗಳ ಅಡುಗೆಮನೆ, ಊಟದ ಸಾಲೆ, ಕೋಣೆಗಳನ್ನು ನಡೆಸುವವರಲ್ಲಿ ಫಿಲಿಪೀನ್ಸ್, ಇಂಡೊನೇಷ್ಯಾದವರ ಜೊತೆಗೆ ಭಾರತೀಯರೂ ದೊಡ್ಡ ಸಂಖ್ಯೆಯಲ್ಲಿದ್ದಾರೆ. ಆದರೆ ಆ ಕೆಲಸದ ಹೆಸರು ಹೇಳಿ ದುಡ್ಡು ಕೀಳುವವರೂ ಅಷ್ಟೇ ನಿಜ. ಹೋಟೆಲುಗಳ ಸಿಬ್ಬಂದಿ ವಿಭಾಗದಲ್ಲಿ ಬಹುಕಾಲ ದುಡಿದವನಾದ್ದರಿಂದ ಎರಡೂ ಬಗೆಯವರನ್ನು ಹತ್ತಿರದಿಂದ ನೋಡಿದ್ದೇನೆ.

ಮಂಗಳೂರಿನ ಪಕ್ಕದ ಉಲ್ಲಾಳದಲ್ಲೋ ಉಡುಪಿಯಲ್ಲೋ ಕಾರವಾರದಲ್ಲೋ ಹುಟ್ಟಿದ ಹುಡುಗನಿಗೆ ಈ ಅಂಕಣದ ಅಗತ್ಯ ಅಷ್ಟಾಗಿ ಇರಲಾರದು. ಅಲ್ಲಿ ಚಿಕ್ಕಪ್ಪನ ಮಗನೋ ಪಕ್ಕದ ಮನೆಯ ಅಣ್ಣನೋ ಹಡಗಿನಲ್ಲಿರುತ್ತಾನೆ. ರಜೆಗೆ ಬಂದಾಗ ಯಾವ ಏಜೆಂಟ್ ಸರಿ, ಯಾವ ಕಾಗದ ಮೊದಲು, ಯಾವ ಕಂಪನಿಯಲ್ಲಿ ಊಟ ಚೆನ್ನಾಗಿದೆ ಎಂಬುದನ್ನೆಲ್ಲ ಅವನೇ ಹೇಳುತ್ತಾನೆ. ಬೆಂಗಳೂರಿನ ನಮ್ಮ ಈ ಉಲ್ಲಾಳ ಕಡಲಿನಿಂದ ನೂರಾರು ಕಿಲೋಮೀಟರ್ ದೂರ. ಇಲ್ಲಿಯ ಮಕ್ಕಳಿಗೆ ಗೊತ್ತಿರುವುದು ಬಿಡದಿಯ ಕಾರ್ಖಾನೆ, ಪೀಣ್ಯದ ವರ್ಕ್‌ಶಾಪು, ಪಟ್ಟಣಗೆರೆಯ ಟೆಕ್ ಪಾರ್ಕು. ಹಡಗಿನ ಬಗ್ಗೆ ಮಾತನಾಡಲು ಅವರಿಗೆ ಸಿಗುವ ಮೊದಲ ಮನುಷ್ಯನೇ ಏಜೆಂಟ್. ಹಡಗಿನಲ್ಲಿರುವ ಒಬ್ಬ ಅಣ್ಣ ಹೇಳುತ್ತಿದ್ದ ಮಾತುಗಳನ್ನು ಇಲ್ಲಿ ಬರೆಯಬೇಕೆನಿಸಿದ್ದು ಅದಕ್ಕೇ.

ಕಳೆದ ಬೇಸಿಗೆಯಲ್ಲಿ ನಮ್ಮ ಬಡಾವಣೆಯ ಆಟೊ ಚಾಲಕರೊಬ್ಬರು ಮಗನನ್ನು ಅವನ ‘ಆಫರ್ ಲೆಟರ್’ ಸಮೇತ ಕರೆತಂದರು. ಹುಡುಗ ಡಿಪ್ಲೊಮಾ ಮುಗಿಸಿ ಕೆಲವೇ ತಿಂಗಳಾಗಿತ್ತು. ಪತ್ರದ ಮೇಲೆ ಜಗತ್ತಿಗೆಲ್ಲ ಗೊತ್ತಿರುವ ಕಂಪನಿಯ ಲಾಂಛನ, ಕೆಳಗೆ ದೊಡ್ಡ ಸೀಲು. ಏಜೆಂಟ್ ಕೇಳಿದ್ದು ಒಟ್ಟು ಎರಡೂವರೆ ಲಕ್ಷ, ಅರ್ಧ ಈಗ, ಉಳಿದರ್ಧ ವೀಸಾ ಬಂದ ಮೇಲೆ. ಮನೆಯಾಕೆಯ ಸರ ಗಿರವಿ ಇಡುವ ಮಾತೂ ಆಗಿಹೋಗಿತ್ತು.

‘ಇಂಟರ್‌ವ್ಯೂ ಯಾರು ಮಾಡಿದರಪ್ಪ?’ ಎಂದು ಹುಡುಗನನ್ನು ಕೇಳಿದೆ.

‘ಆಫೀಸಿನವರೇ ಸಾರ್. ಹತ್ತು ನಿಮಿಷ ಮಾತಾಡಿಸಿದರು.’

‘ಇಂಗ್ಲಿಷ್ ಪರೀಕ್ಷೆ?’

‘ಇರಲಿಲ್ಲ ಸಾರ್. ಅದೆಲ್ಲ ನಾವು ನೋಡ್ಕೊಳ್ತೀವಿ ಅಂದರು.’

ಪತ್ರ ತೆರೆದು ನೋಡಿದೆ. ಹಡಗಿನ ಮಾಲೀಕ ಸಂಸ್ಥೆಯ ವಿಳಾಸವಿಲ್ಲ. ಕೆಲಸ ‘ಹೋಟೆಲ್ ಸ್ಟಾಫ್’ ಎಂದಷ್ಟೇ ಇದೆ. ಸಂಬಳ ರೂಪಾಯಿಯಲ್ಲಿ, ಮೊದಲ ತಿಂಗಳಿನಿಂದಲೇ ಒಂದೂಮುಕ್ಕಾಲು ಲಕ್ಷ. ವಾಪಸು ಬರುವ ವಿಮಾನದ ಖರ್ಚು ಯಾರದು ಎಂಬ ಮಾತೇ ಇಲ್ಲ. ಉತ್ತರಿಸಬೇಕಾದ ಇ–ಮೇಲ್ ವಿಳಾಸ ಯಾರು ಬೇಕಾದರೂ ಉಚಿತವಾಗಿ ತೆರೆಯಬಹುದಾದಂಥದ್ದು. ನಿಜವಾದ ಹಡಗಿನ ಒಪ್ಪಂದವನ್ನು ಸೀಫೇರರ್ ಎಂಪ್ಲಾಯ್‌ಮೆಂಟ್ ಅಗ್ರಿಮೆಂಟ್ ಎನ್ನುತ್ತಾರೆ. ಅದರಲ್ಲಿ ನೌಕರನ ಪೂರ್ಣ ಹೆಸರು, ಹುಟ್ಟಿದ ದಿನಾಂಕ, ಹಡಗಿನ ಮಾಲೀಕರ ಹೆಸರು ವಿಳಾಸ, ಹುದ್ದೆ, ಸಂಬಳ ಅಥವಾ ಅದನ್ನು ಲೆಕ್ಕ ಹಾಕುವ ಕ್ರಮ, ರಜೆ, ಒಪ್ಪಂದ ಮುರಿಯುವ ಷರತ್ತು, ಆರೋಗ್ಯ ರಕ್ಷಣೆ, ಊರಿಗೆ ವಾಪಸು ಕಳಿಸುವ ಹೊಣೆ ಇಷ್ಟೂ ಇರಲೇಬೇಕು. ಯಾವುದೋ ಒಳ್ಳೆಯ ಕಂಪನಿ ದೊಡ್ಡ ಮನಸ್ಸು ಮಾಡಿ ಕೊಡುವ ಸವಲತ್ತಲ್ಲ ಇದು. 2006ರ ಕಡಲ ಕಾರ್ಮಿಕ ಒಪ್ಪಂದ, ಅಂದರೆ ಮ್ಯಾರಿಟೈಮ್ ಲೇಬರ್ ಕನ್ವೆನ್ಷನ್, ವಿಧಿಸಿರುವ ಕಟ್ಟಳೆ. ಜಾಗತಿಕವಾಗಿ 2013ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಇದನ್ನು ಭಾರತ 2015ರ ಅಕ್ಟೋಬರ್‌ನಲ್ಲಿ ಅನುಮೋದಿಸಿತು.

ಇದೇ ಒಪ್ಪಂದದಲ್ಲಿ ಪ್ರತಿ ತಂದೆತಾಯಿಯೂ ತಿಳಿದಿರಬೇಕಾದ ಮಾತೊಂದಿದೆ. ಹಡಗಿನಲ್ಲಿ ಕೆಲಸ ಕೊಡಿಸಿದ್ದಕ್ಕೆ ನೌಕರನಿಂದ ನೇರವಾಗಿಯಾಗಲಿ ಬಳಸುದಾರಿಯಲ್ಲಾಗಲಿ ಶುಲ್ಕ ಪಡೆಯುವಂತಿಲ್ಲ. ನೇಮಕದ ಲೆಕ್ಕದಲ್ಲಿ ನೌಕರ ಭರಿಸಬೇಕಾದದ್ದು ಪಾಸ್‌ಪೋರ್ಟ್, ನಾವಿಕನ ಗುರುತಿನ ಪುಸ್ತಕ, ಕಾನೂನು ಕೇಳುವ ವೈದ್ಯಕೀಯ ಪ್ರಮಾಣಪತ್ರ ಇವುಗಳ ಖರ್ಚನ್ನು ಮಾತ್ರ. ವೀಸಾ ಖರ್ಚು ಹಡಗಿನ ಮಾಲೀಕರದ್ದು ಎಂದು ಸ್ಪಷ್ಟವಾಗಿ ಬರೆದಿದೆ. ಹಾಗಾದರೆ ‘ಪ್ರೊಸೆಸಿಂಗ್’, ‘ಸೆಕ್ಯುರಿಟಿ ಡಿಪಾಸಿಟ್’, ‘ವೀಸಾ ಅಡ್ವಾನ್ಸ್’ ಎಂಬ ಹೆಸರುಗಳಲ್ಲಿ ಕೇಳುವ ಲಕ್ಷಗಳು ಯಾವ ಲೆಕ್ಕ? ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಕೇಳಿದವನು ದುಡ್ಡು ತೆಗೆದುಕೊಂಡು ನಿಜವಾಗಿಯೂ ಹಡಗು ಹತ್ತಿಸಿದರೂ ಅದು ನಿಯಮ ಮೀರಿದ ವಸೂಲಿಯೇ. ‘ಏನೋ ಸಾರ್, ಕೆಲಸ ಆದರೆ ಸಾಕು’ ಎಂದು ಅನೇಕರು ಒಪ್ಪಿಕೊಳ್ಳುತ್ತಾರೆ. ನಾನು ಒಪ್ಪುವುದಿಲ್ಲ. ಸಾಲ ಹೊತ್ತು ಹಡಗು ಹತ್ತಿದ ಹುಡುಗ ಅಲ್ಲಿ ಅನ್ಯಾಯವಾದರೂ ಬಾಯಿ ಬಿಡಲಾರ. ಮೊದಲ ಕಾಂಟ್ರ್ಯಾಕ್ಟಿನ ದುಡಿಮೆಯೆಲ್ಲ ಬಡ್ಡಿಗೆ ಹೋಗುತ್ತದೆ.

ಏಜೆಂಟ್ ಅಸಲಿಯೋ ನಕಲಿಯೋ ಎಂದು ತಿಳಿಯಲು ದಾರಿ ಇದೆ. ಭಾರತದಿಂದ ಹಡಗಿಗೆ ಜನರನ್ನು ಕಳಿಸುವ ಸಂಸ್ಥೆ ಮುಂಬೈಯ ಡೈರೆಕ್ಟರೇಟ್ ಜನರಲ್ ಆಫ್ ಶಿಪ್ಪಿಂಗ್, ಎಲ್ಲರೂ ಡಿ.ಜಿ. ಶಿಪ್ಪಿಂಗ್ ಎನ್ನುವ ಕಚೇರಿಯಿಂದ ಲೈಸೆನ್ಸ್ ಪಡೆದಿರಬೇಕು. ಅದನ್ನು ಆರ್.ಪಿ.ಎಸ್.ಎಲ್. ಎನ್ನುತ್ತಾರೆ. ಲೈಸೆನ್ಸ್ ಪಡೆದವರ ಪಟ್ಟಿ ಡಿ.ಜಿ. ಶಿಪ್ಪಿಂಗ್‌ನ ಜಾಲತಾಣದಲ್ಲಿದೆ. ಇಲ್ಲಿ ಒಂದು ಎಚ್ಚರಿಕೆ ಬೇಕು. ನಕಲಿ ಏಜೆಂಟ್ ಸುಳ್ಳು ಹೆಸರನ್ನೇ ಹೇಳುತ್ತಾನೆ ಎಂದೇನಿಲ್ಲ. ಅಸಲಿ ಕಂಪನಿಯ ಹೆಸರು, ಲೈಸೆನ್ಸ್ ಸಂಖ್ಯೆ ಎಲ್ಲವನ್ನೂ ಎತ್ತಿಕೊಂಡು ಫೋನ್ ನಂಬರ್ ಮಾತ್ರ ತನ್ನದು ಹಾಕುತ್ತಾನೆ. ಹಾಗಾಗಿ ಅವನು ಕೊಟ್ಟ ನಂಬರಿಗೆ ಫೋನ್ ಮಾಡಿ ಖಚಿತಪಡಿಸಿಕೊಂಡರೆ ಪ್ರಯೋಜನವಿಲ್ಲ. ಪಟ್ಟಿಯಲ್ಲಿರುವ ವಿಳಾಸ, ನಂಬರಿಗೇ ವಿಚಾರಿಸಬೇಕು. ದೊಡ್ಡ ಕ್ರೂಸ್ ಕಂಪನಿಗಳು ಯಾವ ದೇಶದಲ್ಲಿ ತಮ್ಮ ಪರವಾಗಿ ಯಾರು ನೇಮಕ ಮಾಡುತ್ತಾರೆ ಎಂಬುದನ್ನು ತಮ್ಮ ಜಾಲತಾಣದ ಉದ್ಯೋಗ ಪುಟದಲ್ಲಿ ಹಾಕಿರುತ್ತವೆ. ಅದನ್ನೂ ನೋಡಿ, ಎರಡೂ ತಾಳೆಯಾದರೆ ಮಾತ್ರ ಮುಂದಿನ ಹೆಜ್ಜೆ ಇಡಿ. ಈಗಾಗಲೇ ದುಡ್ಡು ಕಳಿಸಿ ಮೋಸ ಹೋದವರು ನಾಚಿಕೆಪಟ್ಟು ಸುಮ್ಮನಿರಬಾರದು. ಆನ್‌ಲೈನಿನಲ್ಲಿ ಹಣ ಹೋಗಿದ್ದರೆ 1930ಕ್ಕೆ ತಕ್ಷಣ ಕರೆ ಮಾಡಿ, ಠಾಣೆಯಲ್ಲಿ ದೂರು ಕೊಡಿ. ತಡವಾದಷ್ಟೂ ಹಣ ತಡೆಹಿಡಿಯುವುದು ಕಷ್ಟ.

ಆಟೊ ಚಾಲಕರು ದುಡ್ಡು ಕಟ್ಟಲಿಲ್ಲ. ಮಗ ಮಾತ್ರ ಒಂದೆರಡು ವಾರ ನನ್ನ ಮೇಲೆ ಮುನಿಸಿಕೊಂಡಿದ್ದ. ಅವನ ಮುನಿಸು ನನಗೆ ಅರ್ಥವಾಗುತ್ತದೆ. ಬಾಗಿಲು ತೆರೆದಿದೆ ಎಂದುಕೊಂಡವನಿಗೆ ಅದು ಬಾಗಿಲೇ ಅಲ್ಲ ಎಂದು ಹೇಳಿದರೆ ಸಾಲದು, ಬಾಗಿಲು ಎಲ್ಲಿದೆ ಎಂದೂ ಹೇಳಬೇಕು.

ಹಡಗಿನವರು ಹೋಟೆಲ್ ವಿಭಾಗಕ್ಕೆ ಹುಡುಕುವುದು ದಡದಲ್ಲಿ ಆಗಲೇ ಪಳಗಿದ ಕೈಗಳನ್ನು. ಬಹುತೇಕ ಕಂಪನಿಗಳು 21 ತುಂಬಿದವರನ್ನು, ಒಳ್ಳೆಯ ಹೋಟೆಲಿನಲ್ಲಿ ಒಂದೆರಡು ವರ್ಷ ದುಡಿದವರನ್ನು ಕೇಳುತ್ತವೆ. ಅಡುಗೆಮನೆಯಲ್ಲಿ ಕಾಮಿ–3 ಎಂಬ ಕೆಳಹಂತದ ಅಡುಗೆಯವನಾಗಿ ಸೇರಿ ಒಂದು ಸೆಕ್ಷನ್ನನ್ನು ಒಂಟಿಯಾಗಿ ನಿಭಾಯಿಸುವಷ್ಟು ಬೆಳೆದವನು, ಹೌಸ್‌ಕೀಪಿಂಗ್‌ನಲ್ಲಿ ದಿನಕ್ಕೆ ಹದಿನಾಲ್ಕು ಹದಿನಾರು ರೂಮು ಮುಗಿಸಬಲ್ಲವನು, ಬಾಂಕ್ವೆಟ್‌ನಲ್ಲಿ ಮುನ್ನೂರು ಜನರ ಊಟ ಬಡಿಸಿದವನು ಇಂಟರ್‌ವ್ಯೂನಲ್ಲಿ ಕೂತರೆ ಮಾತಿನಲ್ಲೇ ಗೊತ್ತಾಗುತ್ತದೆ. ಓದಬೇಕೆನ್ನುವವರಿಗೆ ಶೇಷಾದ್ರಿ ರಸ್ತೆಯ ಎಸ್.ಜೆ. ಪಾಲಿಟೆಕ್ನಿಕ್ ಆವರಣದಲ್ಲಿರುವ ಸರ್ಕಾರಿ ಹೋಟೆಲ್ ಮ್ಯಾನೇಜ್‌ಮೆಂಟ್ ಸಂಸ್ಥೆ ಇದೆ. ಗಲ್ಲಿಗೊಂದು ಇರುವ ಖಾಸಗಿ ಕಾಲೇಜುಗಳಿಗೆ ಲಕ್ಷಗಟ್ಟಲೆ ಕಟ್ಟುವ ಮುನ್ನ ಅಲ್ಲಿ ವಿಚಾರಿಸಿ ಎನ್ನುತ್ತೇನೆ.

ವಿಜಯನಗರದ ದರ್ಶಿನಿಯೊಂದರ ದೋಸೆ ಭಟ್ಟರೊಬ್ಬರು ‘ನಮ್ಮಂಥವರಿಗೆ ಆಗುತ್ತಾ ಸಾರ್?’ ಎಂದು ಕೇಳಿದ್ದರು. ಆಗುತ್ತದೆ, ಆದರೆ ಇನ್ನಷ್ಟು ಕಲಿಯಬೇಕು. ಭಾರತೀಯ ಪ್ರಯಾಣಿಕರು ಹೆಚ್ಚಿರುವ ಹಡಗುಗಳಲ್ಲಿ ಭಾರತೀಯ ಅಡುಗೆಯವರಿಗೆ ಬೇಡಿಕೆ ಇದೆ. 2021ರಿಂದ ಮುಂಬೈಯಿಂದ ಓಡುತ್ತಿರುವ ಕಾರ್ಡೇಲಿಯಾ ಕ್ರೂಸ್ ಕಂಪನಿಯ ಹಡಗಿನಲ್ಲಂತೂ ಬಹುಪಾಲು ಪ್ರಯಾಣಿಕರು ನಮ್ಮವರೇ. ಬೆಳಗಿನ ರಶ್‌ನಲ್ಲಿ ಕಾವಲಿ ಬಿಡದೆ ನಿಲ್ಲುವ ಅವರ ವೇಗ ಹಡಗಿನ ಗ್ಯಾಲಿಗೂ, ಅಂದರೆ ಅಡುಗೆಮನೆಗೂ ಬೇಕು. ಅವರಿಗೆ ಹೊಸದಾಗಿ ಬೇಕಾಗುವುದು ಬರವಣಿಗೆ ಮತ್ತು ಥರ್ಮಾಮೀಟರ್. ಅಮೆರಿಕದ ಬಂದರುಗಳಿಗೆ ಹೋಗುವ ಹಡಗುಗಳನ್ನು ಅಲ್ಲಿನ ಆರೋಗ್ಯ ಇಲಾಖೆಯವರು ಮುಂಚಿತವಾಗಿ ತಿಳಿಸದೆ ಬಂದು ತಪಾಸಣೆ ಮಾಡಿ ನೂರಕ್ಕೆ ಇಷ್ಟು ಎಂದು ಅಂಕ ಕೊಡುತ್ತಾರೆ. 85 ಅಥವಾ ಅದಕ್ಕಿಂತ ಕಡಿಮೆ ಬಂದರೆ ಫೇಲು. ಹಡಗಿನವರು ಇದನ್ನು ಯು.ಎಸ್.ಪಿ.ಎಚ್. ಎನ್ನುತ್ತಾರೆ, ಆ ಹೆಸರು ಕೇಳಿದರೆ ಇಡೀ ಗ್ಯಾಲಿ ನೆಟ್ಟಗಾಗುತ್ತದೆ. ತಣ್ಣಗಿನ ಪದಾರ್ಥ 5 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೇರಬಾರದು, ಬಿಸಿಯದು 57ಕ್ಕಿಂತ ಇಳಿಯಬಾರದು, ಅಳೆದದ್ದನ್ನು ಪುಸ್ತಕದಲ್ಲಿ ಬರೆಯಬೇಕು. ಈ ಅಭ್ಯಾಸ ಇರುವ ಅಡುಗೆಮನೆಯಲ್ಲಿ ಒಂದು ವರ್ಷ ಕೆಲಸ ಮಾಡಿ ಬನ್ನಿ ಎಂದೆ. ಇಂಗ್ಲಿಷ್ ವಿಷಯದಲ್ಲಿ ನಮ್ಮವರು ಬೇಕಾದದ್ದಕ್ಕಿಂತ ಹೆಚ್ಚು ಹೆದರುತ್ತಾರೆ. ಅತಿಥಿಗೆ ಯಾವ ಪದಾರ್ಥದಲ್ಲಿ ಕಡಲೆಕಾಯಿ ಇದೆ ಎಂದು ಹೇಳಲು, ಬೆಂಕಿ ಬಿದ್ದಾಗ ಜನರನ್ನು ಸರಿಯಾದ ದಿಕ್ಕಿಗೆ ಕಳಿಸಲು ಬೇಕಾಗುವಷ್ಟು ಸಾಕು. ಅಷ್ಟು ಮಾತ್ರ ಬೇಕೇ ಬೇಕು.

ಕಾಗದಗಳ ಸರದಿ ಹೀಗೆ. ಮೊದಲು ಪಾಸ್‌ಪೋರ್ಟ್: ಸಾಧಾರಣ ಅರ್ಜಿಗೆ 36 ಪುಟದ್ದಕ್ಕೆ 1,500 ರೂಪಾಯಿ ಶುಲ್ಕ, ಏಜೆಂಟ್ ಬೇಕಿಲ್ಲ. ಆಮೇಲೆ ಇಂಟರ್‌ವ್ಯೂ. ಕಂಪನಿ ಆಯ್ಕೆ ಮಾಡಿದ ಮೇಲೆ ಉಳಿದದ್ದು. ಡಿ.ಜಿ. ಶಿಪ್ಪಿಂಗ್‌ನಲ್ಲಿ ಇಂಡೋಸ್ ಎಂಬ ನಾವಿಕರ ನೋಂದಣಿ ಸಂಖ್ಯೆ ಪಡೆದು ಎಸ್.ಟಿ.ಸಿ.ಡಬ್ಲ್ಯು. ಎಂಬ ಅಂತರರಾಷ್ಟ್ರೀಯ ಮಾನದಂಡದ ಸುರಕ್ಷತಾ ತರಬೇತಿ ಮಾಡಬೇಕು: ನೀರಿನಲ್ಲಿ ಜೀವ ಉಳಿಸಿಕೊಳ್ಳುವುದು, ಬೆಂಕಿ ಆರಿಸುವುದು, ಪ್ರಥಮ ಚಿಕಿತ್ಸೆ, ಹಡಗಿನ ಭದ್ರತೆ, ಜನಜಂಗುಳಿಯನ್ನು ನಿಭಾಯಿಸುವುದು. ಮುಂಬೈ, ಚೆನ್ನೈ, ಕೊಚ್ಚಿ, ಗೋವಾಗಳಲ್ಲಿ ಮಾನ್ಯತೆ ಪಡೆದ ಸಂಸ್ಥೆಗಳಿವೆ, ಶುಲ್ಕವನ್ನು ಆ ಸಂಸ್ಥೆಗೇ ಕಟ್ಟಿ ರಸೀದಿ ಪಡೆಯಬೇಕು. ಆ ಪ್ರಮಾಣಪತ್ರಗಳಿಂದ ಸಿ.ಡಿ.ಸಿ., ಅಂದರೆ ನಾವಿಕನ ಪುಸ್ತಕ ಸಿಗುತ್ತದೆ. ನಂತರ ವೈದ್ಯಕೀಯ ತಪಾಸಣೆ, ಅಮೆರಿಕದ ಕಡೆಗಾದರೆ ಸಿ1/ಡಿ ವೀಸಾ. ತರಗತಿಗೆ ಹೋಗದೆ ಪ್ರಮಾಣಪತ್ರ ಕೊಡಿಸುತ್ತೇನೆ, ಬೇರೆ ದೇಶದ ಸಿ.ಡಿ.ಸಿ. ಕೊಡಿಸುತ್ತೇನೆ ಎನ್ನುವವರ ಬಳಿ ಸುಳಿಯಬೇಡಿ. ನಕಲಿ ಕಾಗದ ಸಿಕ್ಕಿಬಿದ್ದರೆ ಏಜೆಂಟನ ಹೆಸರು ಅದರಲ್ಲಿ ಇರುವುದಿಲ್ಲ, ನಿಮ್ಮದಿರುತ್ತದೆ. ನನಗೆ ಇದಕ್ಕಿಂತ ಹೆಚ್ಚು ಭಯ ಹುಟ್ಟಿಸುವುದು, ಬೆಂಕಿ ಆರಿಸಲು ಕಲಿಯದವನು ಸಾವಿರಾರು ಜನರ ನಡುವೆ ಸಮುದ್ರದಲ್ಲಿರುತ್ತಾನೆ ಎಂಬುದು.

ಸಂಬಳದ ಲೆಕ್ಕಕ್ಕೆ ಬರೋಣ. ಹುದ್ದೆ, ಕಂಪನಿ, ಟಿಪ್ಸ್ ನೋಡಿಕೊಂಡು ಸಂಬಳ ಬದಲಾಗುತ್ತದೆ. ಒಂದು ಅಳತೆಗೋಲು ಹೇಳಬಲ್ಲೆ: ಡೆಕ್ ವಿಭಾಗದ ನುರಿತ ನಾವಿಕನಿಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಸಮಿತಿ 2025ರ ಜನವರಿಯಿಂದ ನಿಗದಿ ಮಾಡಿದ್ದ ಕನಿಷ್ಠ ಮೂಲವೇತನ ತಿಂಗಳಿಗೆ 673 ಡಾಲರ್. ಓವರ್‌ಟೈಮ್, ರಜೆ ಸಂಬಳ ಅದರ ಮೇಲೆ. ನುರಿತವನ ಮೂಲವೇತನವೇ ಇಷ್ಟಿರುವಾಗ, ಅನುಭವವೇ ಇಲ್ಲದವನಿಗೆ ಎರಡು ಲಕ್ಷ ರೂಪಾಯಿ ಎನ್ನುವ ಜಾಹೀರಾತನ್ನು ನಂಬುವುದು ಹೇಗೆ? ಇನ್ನೊಂದು ವಿಷಯ, ಕಾಂಟ್ರ್ಯಾಕ್ಟ್ ಆರರಿಂದ ಒಂಬತ್ತು ತಿಂಗಳು, ನಡುವೆ ಎರಡು ತಿಂಗಳಷ್ಟು ಬಿಡುವು. ಹೋಟೆಲ್ ವಿಭಾಗದವರಿಗೆ ಆ ಬಿಡುವಿನಲ್ಲಿ ಸಾಮಾನ್ಯವಾಗಿ ಸಂಬಳ ಬರುವುದಿಲ್ಲ. ತಿಂಗಳಿಗೆ 800 ಡಾಲರಿನಂತೆ ಎಂಟು ತಿಂಗಳು ದುಡಿದರೆ 6,400 ಡಾಲರ್. ಬಿಡುವಿನ ಎರಡು ತಿಂಗಳೂ ಸೇರಿ ಹತ್ತಕ್ಕೆ ಹಂಚಿದರೆ ತಿಂಗಳಿಗೆ 640. ಊಟ, ವಸತಿ ಹಡಗಿನದೇ ಆದ್ದರಿಂದ ಬಹುಪಾಲು ಉಳಿಸಬಹುದು, ಅದೇ ಈ ಕೆಲಸದ ದೊಡ್ಡ ಬಲ. ಹಣಕಾಸು ವರ್ಷದಲ್ಲಿ 182 ದಿನಕ್ಕಿಂತ ಕಡಿಮೆ ಭಾರತದಲ್ಲಿದ್ದರೆ ತೆರಿಗೆಯಲ್ಲಿ ಅನಿವಾಸಿ ಎಂಬ ಲೆಕ್ಕ ಬರುತ್ತದೆ. ಸಿ.ಡಿ.ಸಿ.ಯ ಸೈನ್ ಆನ್, ಸೈನ್ ಆಫ್ ದಿನಾಂಕಗಳನ್ನು ಜೋಪಾನ ಮಾಡಿ, ಲೆಕ್ಕಪರಿಶೋಧಕರನ್ನು ಕೇಳಿ.

ದುಡಿಮೆ ಕಠಿಣ. ವಾರದ ರಜೆ ಎಂಬುದಿಲ್ಲ. ದಿನಕ್ಕೆ ಹತ್ತು ಗಂಟೆಯ ಆಸುಪಾಸು ಕೆಲಸ. 24 ಗಂಟೆಯಲ್ಲಿ ಕನಿಷ್ಠ 10 ಗಂಟೆ, ಏಳು ದಿನದಲ್ಲಿ ಕನಿಷ್ಠ 77 ಗಂಟೆ ವಿಶ್ರಾಂತಿ ಎಂಬುದು ನಿಯಮ. ಕಿಟಕಿ ಇಲ್ಲದ ಕ್ಯಾಬಿನ್ನಿನಲ್ಲಿ ಇನ್ನೊಬ್ಬರ ಜೊತೆ ಇರಬೇಕು. ತಂಗಿಯ ಮದುವೆ ತಪ್ಪಬಹುದು, ಅಜ್ಜಿಯ ತಿಥಿ ತಪ್ಪಬಹುದು. 2020ರ ಫೆಬ್ರುವರಿಯಲ್ಲಿ ಜಪಾನಿನ ಯೊಕೊಹಾಮಾ ಬಂದರಿನಲ್ಲಿ ‘ಡೈಮಂಡ್ ಪ್ರಿನ್ಸೆಸ್’ ಹಡಗು ಕೊರೊನಾದಿಂದ ಸ್ತಬ್ಧವಾದಾಗ ಅದರಲ್ಲಿ 138 ಭಾರತೀಯರಿದ್ದರು, ಅವರಲ್ಲಿ 132 ಮಂದಿ ಸಿಬ್ಬಂದಿ. ಪ್ರಯಾಣಿಕರು ಕೋಣೆಯೊಳಗಿದ್ದರು, ಅವರ ಬಾಗಿಲಿಗೆ ಊಟ ತಲುಪಿಸುತ್ತಿದ್ದವರು ಇವರು. ಮಾರ್ಚ್‌ನಲ್ಲಿ ಅಮೆರಿಕದ ಕಡೆಯ ಕ್ರೂಸ್‌ಗಳೆಲ್ಲ ನಿಂತವು, ಅಲ್ಲಿನ ಬಂದರಿನಿಂದ ಪ್ರಯಾಣಿಕರೊಂದಿಗೆ ಮತ್ತೆ ಹೊರಟದ್ದು 2021ರ ಜೂನ್ ಕೊನೆಗೆ. ವರ್ಷಕ್ಕೂ ಹೆಚ್ಚು ಕಾಲ ಮನೆಯಲ್ಲಿ ಕೂತವರಿಗೆ ಆಸರೆಯಾದದ್ದು ಅವರೇ ಕೂಡಿಟ್ಟಿದ್ದ ಹಣ. ಅದಕ್ಕೇ ಹೋಗುವವರಿಗೆಲ್ಲ ಹೇಳುತ್ತೇನೆ: ಎಷ್ಟು ವರ್ಷ, ಯಾವುದಕ್ಕಾಗಿ ಎಂದು ಹತ್ತುವ ಮುಂಚೆಯೇ ಮನೆಯವರ ಜೊತೆ ಕೂತು ಮಾತಾಡಿ. ಮನೆ ಸಾಲ ತೀರಿಸಲು ಮೂರು ಕಾಂಟ್ರ್ಯಾಕ್ಟ್ ಎಂದು ಹೊರಟವರು ನೆಮ್ಮದಿಯಾಗಿದ್ದಾರೆ. ಸುಮ್ಮನೆ ಹೊರಟವರು ಪ್ರತಿ ಸಲವೂ ಇನ್ನೊಂದು ಸಲ ಎನ್ನುತ್ತಾರೆ.

ಹೆಣ್ಣುಮಕ್ಕಳ ಬಗ್ಗೆ ಕೇಳುವ ತಾಯಂದಿರಿಗೆ: ಕಳಿಸಬಹುದು. ಗೆಸ್ಟ್ ಸರ್ವಿಸ್, ಸ್ಪಾ, ಅಂಗಡಿ, ಮಕ್ಕಳ ವಿಭಾಗ, ಅಡುಗೆಮನೆ ಎಲ್ಲದರಲ್ಲೂ ಹೆಣ್ಣುಮಕ್ಕಳಿದ್ದಾರೆ. ಅಮೆರಿಕದ 2010ರ ಕಾನೂನೊಂದು ಅಲ್ಲಿನ ಬಂದರು ಮುಟ್ಟುವ ದೊಡ್ಡ ಹಡಗುಗಳಲ್ಲಿ ಕ್ಯಾಮೆರಾ ಕಾವಲು, ದೌರ್ಜನ್ಯ ನಡೆದರೆ ವರದಿ ಮಾಡುವ ಕ್ರಮ ಇವುಗಳನ್ನು ಕಡ್ಡಾಯ ಮಾಡಿದೆ. ಹಡಗಿನಲ್ಲೇ ದೂರು ಕೊಡುವ ವ್ಯವಸ್ಥೆ ಇರಲೇಬೇಕು, ದೂರು ಕೊಟ್ಟವರನ್ನು ಪೀಡಿಸುವಂತಿಲ್ಲ ಎಂದು ಕಡಲ ಕಾರ್ಮಿಕ ಒಪ್ಪಂದವೂ ಹೇಳುತ್ತದೆ. ಮಗಳಿಗೆ ಇದನ್ನು ಹೊರಡುವ ಮೊದಲೇ ತಿಳಿಸಿ.

ಕೊನೆಯದಾಗಿ, ಯಾರೂ ಕೇಳದ ಪ್ರಶ್ನೆಯೊಂದಿದೆ: ಹಡಗಿನಲ್ಲಿ ಬೇರೆ ಕೆಲಸಗಳಿಲ್ಲವೇ? ಹಡಗು ಎಂದರೆ ಅಡುಗೆ, ಬಡಿಸುವುದು, ಹಾಸಿಗೆ ಹಾಸುವುದು ಎಂದಷ್ಟೇ ನಮ್ಮ ಹುಡುಗರು ತಿಳಿದಿದ್ದಾರೆ. ಅದೊಂದು ತೇಲುವ ಊರು. ಅಲ್ಲಿ ಪ್ಲಂಬರ್ ಬೇಕು, ಬಡಗಿ ಬೇಕು, ಎ.ಸಿ. ಮತ್ತು ಫ್ರಿಜ್ ಮೆಕ್ಯಾನಿಕ್ ಬೇಕು, ಫಿಟ್ಟರ್, ವೆಲ್ಡರ್, ಎಲೆಕ್ಟ್ರಿಷಿಯನ್, ಸೋಫಾ ಹೊಲಿಯುವವನೂ ಬೇಕು. ಐ.ಟಿ.ಐ. ಮುಗಿಸಿ ಪೀಣ್ಯದಲ್ಲಿ, ಕುಂಬಳಗೋಡಿನಲ್ಲಿ ಐದಾರು ವರ್ಷ ಕೈ ಪಳಗಿಸಿಕೊಂಡವರು ನಮ್ಮ ಸುತ್ತ ಎಷ್ಟೊಂದು ಜನ ಇದ್ದಾರೆ! ಅವರನ್ನು ಹಿಂದಕ್ಕೆಳೆಯುವುದು ಒಂದೇ, ಅನುಭವ ಪತ್ರದ ಕೊರತೆ. ಸಣ್ಣ ವರ್ಕ್‌ಶಾಪುಗಳಲ್ಲಿ ಸಂಬಳ ಕೈಗೆ ಕೊಡುತ್ತಾರೆ, ಕಾಗದ ಏನೂ ಇರುವುದಿಲ್ಲ. ನಮ್ಮ ಬೀದಿಯ ಫಿಟ್ಟರ್ ಒಬ್ಬನಿಗೆ ಮೊನ್ನೆ ಆ ಪತ್ರದಲ್ಲಿ ಏನಿರಬೇಕೆಂದು ವಿವರಿಸಿದೆ. ಮಾಲೀಕರ ಲೆಟರ್‌ಹೆಡ್ಡಿನ ಮೇಲೆ ಸೇರಿದ ದಿನಾಂಕ, ಬಿಟ್ಟಿದ್ದರೆ ಬಿಟ್ಟ ದಿನಾಂಕ, ಹುದ್ದೆ, ಯಾವ ಯಾವ ಯಂತ್ರದ ಕೆಲಸ ಎಂಬ ವಿವರ, ಜಿ.ಎಸ್.ಟಿ. ಸಂಖ್ಯೆ, ಫೋನ್ ಮಾಡಿದರೆ ಎತ್ತುವ ನಂಬರ್, ಸಹಿ. ಜಗಳವಾಗಿ ಕೆಲಸ ಬಿಟ್ಟ ಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ. ಒಡನಾಟ ಚೆನ್ನಾಗಿರುವಾಗಲೇ ಕೇಳಿ, ಮುಂದಿನ ತಿಂಗಳಿನಿಂದ ಸಂಬಳ ಬ್ಯಾಂಕಿಗೆ ಹಾಕಿ ಎಂದೂ ಕೇಳಿ.